ಕೈತಾಳ ಮತ್ತು ಅಭಯದಾನ

ಸುಖವನ್ನು ಬಯಸದ ಜೀವಿ ಈ ಲೋಕದಲ್ಲಿ ಇಲ್ಲ. ಇರುವೆಯಿಂದ ಆನೆಯವರೆಗೆ ಎಲ್ಲ ಜೀವಗಳೂ ದುಃಖಕ್ಕೆ ಅಂಜುತ್ತವೆ, ಸುಖಕ್ಕೆ ಹಾತೊರೆಯುತ್ತವೆ. ಆದರೆ ನಿಜವಾದ ಸುಖ ಯಾವುದು, ಅದನ್ನು ಪಡೆಯುವ ಮಾರ್ಗ ಯಾವುದು ಎಂಬಲ್ಲಿ ಮನುಷ್ಯನು ಪದೇ ಪದೇ ಎಡವುತ್ತಾನೆ. ಹಣದಲ್ಲಿ ಹುಡುಕುತ್ತಾನೆ, ಅಧಿಕಾರದಲ್ಲಿ ಹುಡುಕುತ್ತಾನೆ, ಭೋಗವಸ್ತುಗಳಲ್ಲಿ ಹುಡುಕುತ್ತಾನೆ. ಕೈಗೆ ಸಿಕ್ಕಿತೆಂದುಕೊಳ್ಳುವಷ್ಟರಲ್ಲಿ ಅದು ಜಾರಿಹೋಗಿರುತ್ತದೆ. ಇಂತಹ ಹುಡುಕಾಟದ ನಡುವೆ ಒಂದು ಸಣ್ಣ ಪ್ರಶ್ನೆಯನ್ನು ವಿಚಾರಿಸುವುದು ಉಚಿತವಾಗಿದೆ. ಕಲಿಯಲು ಸುಲಭವಾದ ಒಂದು ವಾದ್ಯವನ್ನು ನುಡಿಸಿ ಶ್ರಾವಕನೊಬ್ಬನು ತಾನೂ ಆನಂದಪಟ್ಟು ಇತರರನ್ನೂ ಸಂತೋಷಪಡಿಸಿದರೆ ಅದು ಧರ್ಮವೆನಿಸುವುದೇ? ಇಲ್ಲವೆ ಕಿವಿಯೆಂಬ ಇಂದ್ರಿಯವನ್ನು ತಣಿಸುವ ಮತ್ತೊಂದು ಭೋಗವಷ್ಟೆಯೇ?

ಈ ಪ್ರಶ್ನೆ ಹಗುರವಾದುದಲ್ಲ. ಜೈನಧರ್ಮವು ಇಂದ್ರಿಯಸುಖವನ್ನು ಸದಾ ಸಂದೇಹದಿಂದಲೇ ಕಂಡಿದೆ. ಪ್ರಥಮ ತೀರ್ಥಂಕರರಾದ ವೃಷಭದೇವರ ಆಸ್ಥಾನದಲ್ಲಿ ನೀಲಾಂಜನೆಯು ನರ್ತಿಸಿದ ಪ್ರಸಂಗವನ್ನು ಕನ್ನಡಿಗರೆಲ್ಲ ಬಲ್ಲರು. ಕ್ರಿ.ಶ. 941ರ ಸುಮಾರಿಗೆ ಪಂಪ ಮಹಾಕವಿಯು ತನ್ನ ಆದಿಪುರಾಣದಲ್ಲಿ ಅದನ್ನು ಮನಮುಟ್ಟುವಂತೆ ವರ್ಣಿಸಿದ್ದಾನೆ. ಸಂಗೀತ ನೃತ್ಯಗಳು ರಸದ ತುದಿಯನ್ನು ಮುಟ್ಟಿದ್ದಾಗಲೇ ಆ ನರ್ತಕಿಯ ಆಯುಷ್ಯ ಮುಗಿಯಿತು. ಸಭೆಗೆ ಅರಿವಾಗದಂತೆ ಇಂದ್ರನು ಅವಳಂತೆಯೇ ಇರುವ ಮತ್ತೊಬ್ಬಳನ್ನು ಅಲ್ಲಿ ನಿಲ್ಲಿಸಿದನು. ನೋಡುತ್ತಿದ್ದವರು ಮೈಮರೆತೇ ಇದ್ದರು. ವೃಷಭದೇವರು ಮಾತ್ರ ಕಂಡರು, ಕಂಡು ವಿರಕ್ತರಾದರು. ಹಾಗಾದರೆ ಗಾನವಾದ್ಯಗಳೆಲ್ಲವೂ ತ್ಯಾಜ್ಯವೆಂದು ತಿಳಿಯಬೇಕೆ?

ಹಾಗೆ ತಿಳಿಯಬೇಕಾಗಿಲ್ಲ. ಅದೇ ಪರಂಪರೆಯು ತೀರ್ಥಂಕರರ ಸಮವಸರಣವನ್ನು ಹೇಳುವಾಗ ಅಷ್ಟಮಹಾಪ್ರಾತಿಹಾರ್ಯಗಳಲ್ಲಿ ದೇವದುಂದುಭಿಯನ್ನೂ ಎಣಿಸಿದೆ. ಅಭಿಷೇಕದ ವೇಳೆಯಲ್ಲಿ, ಪಂಚಕಲ್ಯಾಣ ಪೂಜೆಯಲ್ಲಿ, ರಥೋತ್ಸವದಲ್ಲಿ ಮಂಗಳವಾದ್ಯವಿಲ್ಲದ ಜಿನಾಲಯ ಅಪರೂಪ. ಇದರಿಂದ ತಿಳಿದುಬರುವುದೇನೆಂದರೆ ನಾದದಲ್ಲಿ ದೋಷವಿಲ್ಲ, ನಾದಕ್ಕೆ ಅಂಟಿಕೊಳ್ಳುವ ರಾಗದಲ್ಲಿ ದೋಷವಿದೆ. ಆಸ್ಥಾನದಲ್ಲಿದ್ದವರಿಗೂ ವೃಷಭದೇವರಿಗೂ ಕೇಳಿಸಿದ್ದು ಒಂದೇ ವಾದ್ಯದ ಧ್ವನಿ. ಒಬ್ಬರು ಅದರಿಂದ ಎಚ್ಚರಗೊಂಡರು, ಉಳಿದವರು ಅದರಲ್ಲಿ ಮುಳುಗಿದರು. ಧ್ವನಿಯು ಯಾವ ಕಡೆಗೆ ಒಯ್ಯುತ್ತದೆ ಎಂಬುದು ಕೇಳುವವನ ಹಾಗೂ ನುಡಿಸುವವನ ಪರಿಣಾಮವನ್ನು, ಅಂದರೆ ಒಳಗಿನ ಭಾವವನ್ನು ಅವಲಂಬಿಸಿದೆ.

ಇನ್ನು ಸುಲಭ ವಾದ್ಯದ ವಿಚಾರ. ವೀಣೆ, ಪಿಟೀಲು, ಮೃದಂಗ ಮುಂತಾದವು ಹತ್ತಾರು ವರ್ಷಗಳ ಸಾಧನೆಯನ್ನು ಬೇಡುತ್ತವೆ. ಅಂತಹ ವಿದ್ವಾಂಸರಿಗೆ ಸಮಾಜವು ತಲೆಬಾಗಲೇಬೇಕು. ಆದರೆ ಅಂಗಡಿ, ಹೊಲ, ಕಚೇರಿ, ಅಡುಗೆಮನೆಗಳಲ್ಲಿ ಆಯುಷ್ಯವನ್ನು ಸವೆಸಿದ ಸಾಮಾನ್ಯ ಗೃಹಸ್ಥನಿಗೆ ಆ ಅವಕಾಶ ದೊರೆಯುವುದಿಲ್ಲ. ಅವನ ಪಾಲಿಗೆ ಇರುವುದು ಕೈತಾಳ. ಎರಡು ಪುಟ್ಟ ಕಂಚಿನ ಬಟ್ಟಲು, ನಡುವೆ ಒಂದು ದಾರ. ಸುಮಾರು ನಾಲ್ಕು ಭಾಗ ತಾಮ್ರಕ್ಕೆ ಒಂದು ಭಾಗ ತವರ ಬೆರೆಸಿದ ಲೋಹವೇ ಅದರ ಸರ್ವಸ್ವ. ಶ್ರುತಿ ಮಾಡಬೇಕಾಗಿಲ್ಲ, ತಂತಿ ಹರಿಯುವುದಿಲ್ಲ, ಮಳೆಗಾಲದ ತೇವಕ್ಕೆ ಸಡಿಲಗೊಳ್ಳುವುದಿಲ್ಲ. ಅರುವತ್ತು ವರ್ಷ ದಾಟಿದವರೂ ಒಂದು ಸಂಜೆಯಲ್ಲಿ ಹಿಡಿಯುವ ಕ್ರಮವನ್ನು ಕಲಿಯಬಹುದು.

ಅಹಿಂಸೆಯ ದೃಷ್ಟಿಯಿಂದಲೂ ಇದಕ್ಕೆ ಒಂದು ವಿಶೇಷವಿದೆ. ಮದ್ದಳೆ ಮೃದಂಗಗಳಿಗೆ ತೊಗಲು ಬೇಕು. ಶಂಖವು ಒಂದು ಜೀವಿಯ ಮನೆಯಾಗಿತ್ತು. ದೇವಾಲಯಗಳಲ್ಲಿ ತಲೆಮಾರುಗಳಿಂದ ನಡೆದುಬಂದ ವಾದ್ಯಸೇವೆಯನ್ನು ಇದರಿಂದ ಹಳಿಯಬೇಕಾಗಿಲ್ಲ. ಆದರೂ ಹೊಸದಾಗಿ ಒಂದು ವಾದ್ಯವನ್ನು ಮನೆಗೆ ತರುವ ಶ್ರಾವಕನು ಅದು ಯಾವುದರಿಂದ ಆಗಿದೆ ಎಂದು ವಿಚಾರಿಸುವುದು ತಪ್ಪಲ್ಲ. ಕಂಚಿನ ತಾಳ, ಬಿದಿರಿನ ಕೊಳಲು ಇವುಗಳಲ್ಲಿ ತೊಗಲೂ ಇಲ್ಲ, ಕರುಳಿನ ತಂತಿಯೂ ಇಲ್ಲ.

ಸುಲಭವಾದುದನ್ನು ಕೀಳೆಂದು ಎಣಿಸುವ ಸ್ವಭಾವ ಲೋಕದಲ್ಲಿದೆ. ಹಾರ್ಮೋನಿಯಂ ಇದಕ್ಕೆ ಒಳ್ಳೆಯ ನಿದರ್ಶನ. ಹೊರದೇಶದಿಂದ ಬಂದ ಈ ಪೆಟ್ಟಿಗೆಯು ಗಮಕವನ್ನು ನುಡಿಸಲಾರದೆಂದು ವಿದ್ವಾಂಸರು ಆಕ್ಷೇಪಿಸಿದರು. 1940ರಲ್ಲಿ ಆಕಾಶವಾಣಿಯು ಅದನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. 1971ರವರೆಗೂ ಆ ನಿಷೇಧ ಸಡಿಲವಾಗಲಿಲ್ಲ. ವಿದ್ವಾಂಸರ ಮಾತಿನಲ್ಲಿ ಸತ್ಯವಿರಲಿಲ್ಲವೆಂದಲ್ಲ. ಆದರೆ ಅಷ್ಟೂ ವರ್ಷ ಭಜನಾ ಮಂದಿರಗಳಲ್ಲಿ, ನಾಟಕದ ರಂಗಗಳಲ್ಲಿ, ಶಾಲೆಗಳಲ್ಲಿ, ಬಡವರ ಮನೆಗಳಲ್ಲಿ ಆ ಪೆಟ್ಟಿಗೆ ಹಾಡುತ್ತಲೇ ಇತ್ತು. ವಾದ್ಯದ ಶಕ್ತಿಯನ್ನು ಒಂದು ದೃಷ್ಟಿಯಿಂದ ಅಳೆದರೆ ಅದು ಕೊರತೆಯುಳ್ಳದ್ದು, ಮತ್ತೊಂದು ದೃಷ್ಟಿಯಿಂದ ಅಳೆದರೆ ಅದು ಉಪಕಾರಿ. ಅನೇಕಾಂತವನ್ನು ಬಲ್ಲವರಿಗೆ ಇವೆರಡೂ ಏಕಕಾಲಕ್ಕೆ ನಿಜವಾಗಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ವಾದ್ಯದಿಂದ ಪರೋಪಕಾರ ಎಷ್ಟರಮಟ್ಟಿಗೆ ಸಾಧ್ಯವೆಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಕಣ್ಣೆದುರಿನ ಸಾಕ್ಷಿ. ಪಂಡಿತ ಪಂಚಾಕ್ಷರಿ ಗವಾಯಿಗಳು (1892-1944) ಅಂಧರು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ತಾವು ಕಲಿತ ವಿದ್ಯೆಯನ್ನು ಅಂಧರಿಗೂ ಅನಾಥರಿಗೂ ಧಾರೆಯೆರೆದರು. ಅವರ ನಂತರ ಅವರ ಶಿಷ್ಯರೂ ಅಂಧರೂ ಆದ ಪಂಡಿತ ಪುಟ್ಟರಾಜ ಗವಾಯಿಗಳು (1914-2010) ಆ ಸೇವೆಯನ್ನು ಆರು ದಶಕಗಳಿಗೂ ಮೀರಿ ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ಭಿಕ್ಷಾಪಾತ್ರೆ ಹಿಡಿಯಬೇಕಾಗಿದ್ದ ಎಷ್ಟೋ ಕೈಗಳು ಅಲ್ಲಿ ವಾದ್ಯವನ್ನು ಹಿಡಿದವು. ಅನ್ನದ ಜೊತೆಗೆ ಆತ್ಮಗೌರವವನ್ನೂ ಪಡೆದವು. ಮತ ಬೇರೆಯಾದರೂ ಗುಣಕ್ಕೆ ಮತವಿಲ್ಲ. ಗುಣವನ್ನು ಕಂಡಲ್ಲಿ ಪ್ರಮೋದಭಾವವನ್ನು ತಳೆಯಬೇಕೆಂಬುದು ಜಿನೋಪದೇಶವೇ ಆಗಿದೆ.

ಆದರೆ ಎಲ್ಲರೂ ಆಶ್ರಮ ಕಟ್ಟಲಾರರು. ಒಂದು ಜೊತೆ ತಾಳವನ್ನು ಹಿಡಿದ ಸಾಮಾನ್ಯನು ಏನು ಮಾಡಬಲ್ಲನು? ಇದಕ್ಕೆ ಉತ್ತರವನ್ನು ನೀಲಗಿರಿಯಲ್ಲಿ ಹುಡುಕಬಹುದು.

ನೀಲಗಿರಿ ಬೆಟ್ಟದಲ್ಲಿ ಕೂಕಲ್ತೊರೈ ಎಂಬ ಬಡಗರ ಹಟ್ಟಿಯಿದೆ. ಹೆಸರಿನ ಕೊನೆಯ ಪದವನ್ನು ಕೇಳಿದೊಡನೆ ಕನ್ನಡಿಗನಿಗೆ ತನ್ನ ಭಾಷೆಯ ತೊರೆಯ ನೆನಪಾಗುತ್ತದೆ. ಬಡಗರ ನುಡಿಯು ಕನ್ನಡಕ್ಕೆ ತೀರ ಸಮೀಪವಾದುದು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ, ಅಂದರೆ ಬಡಗಣ ದಿಕ್ಕಿನಿಂದ, ಬೆಟ್ಟವೇರಿ ಬಂದವರೆಂದು ಅವರ ಪರಂಪರೆ ಹೇಳುತ್ತದೆ. ಸುತ್ತಲೂ ಚಹಾ ತೋಟಗಳು, ತರಕಾರಿಯ ಹೊಲಗಳು. ಜೂನ್‌ನಿಂದ ಒಂದು ಮಳೆ, ಅಕ್ಟೋಬರ್‌ನಿಂದ ಇನ್ನೊಂದು ಮಳೆ, ಅದು ಮುಗಿಯುತ್ತಲೇ ಹಿಮ ಬೀಳುವ ಚಳಿ. 1990ರ ದಶಕದ ಕೊನೆಯಲ್ಲಿ ಚಹಾದ ಹಸಿರೆಲೆಯ ಬೆಲೆ ಕುಸಿದಂದಿನಿಂದ ನೀಲಗಿರಿಯ ಸಣ್ಣ ಬೆಳೆಗಾರರು ಬಹಳ ಕಷ್ಟವನ್ನು ಕಂಡಿದ್ದಾರೆ. ಓದಿದ ಮಕ್ಕಳು ಕೊಯಮತ್ತೂರು, ಬೆಂಗಳೂರುಗಳ ಕಡೆಗೆ ಇಳಿದುಹೋಗಿದ್ದಾರೆ. ಎಷ್ಟೋ ಮನೆಗಳಲ್ಲಿ ಉಳಿದವರು ವೃದ್ಧರು.

ಈ ಬೆಟ್ಟದ ಹಿಂದಿನ ಜೀವನಕ್ರಮವು ವಿಚಾರ ಮಾಡತಕ್ಕದ್ದಾಗಿದೆ. ಏಳು ಊರುಗಳಲ್ಲಿ ನೆಲೆಸಿದ ಕೋತರು ಬಡಗರಿಗೆ ಕಬ್ಬಿಣದ ಸಲಕರಣೆ, ಮಣ್ಣಿನ ಮಡಕೆ ಇವನ್ನು ಒದಗಿಸುತ್ತಿದ್ದರು. ಶವಸಂಸ್ಕಾರಗಳಲ್ಲಿಯೂ ಉತ್ಸವಗಳಲ್ಲಿಯೂ ಕೊಳ್ ಎಂಬ ಊದುವಾದ್ಯ, ತಬಟಕ್ ಎಂಬ ಚರ್ಮವಾದ್ಯ, ಕೊಂಬು ಇವನ್ನು ನುಡಿಸುತ್ತಿದ್ದರು. ಬಡಗರು ಧಾನ್ಯ ಕೊಡುತ್ತಿದ್ದರು. ತೋಡರಿಂದ ತುಪ್ಪ ಬರುತ್ತಿತ್ತು, ಕುರುಂಬರಿಂದ ಕಾಡಿನ ಉತ್ಪನ್ನ ಬರುತ್ತಿತ್ತು. ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆಂದು ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಹೇಳಿದ ತತ್ತ್ವವು ಈ ಬೆಟ್ಟದ ಮೇಲೆ ಹಾಗೆಯೇ ನಡೆದಂತೆ ಮೇಲುನೋಟಕ್ಕೆ ಕಾಣುತ್ತದೆ.

ಆದರೆ ಅದರಲ್ಲಿ ಒಂದು ಬಿರುಕಿತ್ತು. ವಾದ್ಯ ನುಡಿಸುವವನು ಬೇಕಾಗಿದ್ದನು, ಆದರೆ ಅವನನ್ನು ಸಮಾನನೆಂದು ಎಣಿಸುತ್ತಿರಲಿಲ್ಲ. ಕಾಲ ಬದಲಾದಂತೆ ಕೋತರ ವಾದ್ಯವನ್ನು ಕೈಬಿಡಬೇಕೆಂದು ಬಡಗರಲ್ಲಿ ಕೆಲವರು, ಉಳಿಸಿಕೊಳ್ಳಬೇಕೆಂದು ಕೆಲವರು ಪಕ್ಷ ಹಿಡಿದರು. 1930ರ ದಶಕದಲ್ಲಿ ಈ ವಿವಾದವು ಕಲಹದವರೆಗೂ ಹೋಯಿತು. ಕ್ರಮೇಣ ಹಳೆಯ ಕೊಡುಕೊಳ್ಳುವಿಕೆ ಕಳಚಿಬಿದ್ದಿತು. ಕೋತರು ತಮ್ಮ ದೇವರ ಉತ್ಸವಗಳಲ್ಲಿ ತಮಗಾಗಿ ಅದೇ ವಾದ್ಯಗಳನ್ನು ನುಡಿಸುವುದನ್ನು ಬಿಡಲಿಲ್ಲ. ಇದರಿಂದ ಒಂದು ಪಾಠ ದೊರೆಯುತ್ತದೆ. ಸೇವೆಯನ್ನು ಪಡೆಯುವವನು ಸೇವೆ ಮಾಡುವವನನ್ನು ಕೀಳಾಗಿ ಕಂಡರೆ ಆ ಸೇವೆ ಬಾಳುವುದಿಲ್ಲ. ಪರಸ್ಪರ ಉಪಕಾರವೆಂಬುದು ತಕ್ಕಡಿಯ ಎರಡು ತಟ್ಟೆಗಳಿದ್ದಂತೆ. ತೂಕ ಸರಿಯಾಗಿದ್ದರೂ ಒಂದು ತಟ್ಟೆಯಲ್ಲಿ ಗೌರವವಿಲ್ಲದಿದ್ದರೆ ವ್ಯವಹಾರ ಮುರಿಯುತ್ತದೆ.

ಅದೇ ಬೆಟ್ಟದಲ್ಲಿ ಇನ್ನೊಂದು ವಾದ್ಯವೂ ಇದೆ. ಬುಗಿರಿ ಎಂಬ ಬಿದಿರಿನ ಊದುವಾದ್ಯ. ಯಾರ ಅಪ್ಪಣೆಯೂ ಇಲ್ಲದೆ, ಯಾವ ಸಂಭಾವನೆಯೂ ಇಲ್ಲದೆ ಬಿಡುವಿನ ವೇಳೆಯಲ್ಲಿ ನುಡಿಸಿಕೊಳ್ಳುವ ವಾದ್ಯ ಅದು. ಒಂದು ಕಡೆ ಸಂತೋಷವಿಲ್ಲದ ಕಟ್ಟುಪಾಡಿನ ಸೇವೆ, ಇನ್ನೊಂದು ಕಡೆ ಸೇವೆಯಿಲ್ಲದ ಏಕಾಂತದ ಸಂತೋಷ. ಇವೆರಡನ್ನೂ ಒಂದುಗೂಡಿಸುವ ದಾರಿಯೇ ಇಲ್ಲಿ ವಿಚಾರಕ್ಕೆ ಎತ್ತಿಕೊಂಡ ವಿಷಯ.

ಕೂಕಲ್ತೊರೈಯಂತಹ ಒಂದು ಹಟ್ಟಿಯಲ್ಲಿ ಮಳೆಗಾಲದ ಒಂದು ಸಂಜೆಯನ್ನು ಊಹಿಸಬಹುದು. ಮಂಜು ಬಾಗಿಲವರೆಗೆ ಬಂದಿದೆ. ವಿದ್ಯುತ್ ಹೋಗಿದೆ. ಮಕ್ಕಳು ದೂರದ ಪಟ್ಟಣದಲ್ಲಿದ್ದಾರೆ. ಹಾಸಿಗೆ ಹಿಡಿದ ಒಬ್ಬ ವೃದ್ಧೆ ಒಬ್ಬಳೇ ಮಲಗಿದ್ದಾಳೆ. ಅವಳಿಗೆ ಊಟವನ್ನು ಯಾರೋ ತಂದಿಟ್ಟಿದ್ದಾರೆ, ಔಷಧವೂ ತಲೆದೆಸೆಯಲ್ಲಿದೆ. ಆದರೂ ಅವಳಿಗೆ ಒಂದು ಕೊರತೆಯಿದೆ. ಕತ್ತಲಾದೊಡನೆ ಭಯವಾಗುತ್ತದೆ. ಆ ಹೊತ್ತಿಗೆ ನೆರೆಯವರಿಬ್ಬರು ತಾಳ ಹಿಡಿದು ಬಂದು, ಅವಳಿಗೆ ಪರಿಚಿತವಾದ ಹಾಡನ್ನು ಮೆಲುದನಿಯಲ್ಲಿ ಹಾಡಿ, ಅರ್ಧ ಗಂಟೆ ಕುಳಿತು ಹೋದರೆ ಅವಳಿಗೆ ದೊರೆತದ್ದೇನು? ಶಾಸ್ತ್ರವು ಗೃಹಸ್ಥನಿಗೆ ನಾಲ್ಕು ದಾನಗಳನ್ನು ಹೇಳಿದೆ: ಆಹಾರ, ಔಷಧ, ಶಾಸ್ತ್ರ, ಅಭಯ. ಮೊದಲಿನ ಮೂರನ್ನು ಹಣದಿಂದಲೂ ಒದಗಿಸಬಹುದು. ಅಭಯವನ್ನು ಕೊಡಬೇಕಾದರೆ ಮನುಷ್ಯನೇ ಹೋಗಿ ಕುಳಿತುಕೊಳ್ಳಬೇಕು. ಆ ಎರಡು ಕಂಚಿನ ಬಟ್ಟಲುಗಳು ನುಡಿದದ್ದು ಸಂಗೀತವನ್ನಷ್ಟೇ ಅಲ್ಲ. 'ನೀನು ಒಬ್ಬಳೇ ಇಲ್ಲ' ಎಂಬ ಮಾತನ್ನೂ ನುಡಿದವು. ಅದು ಅಭಯದಾನವೇ ಸರಿ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೀಗೆ ಸೇವೆ ಮಾಡುವವನಿಗೆ ತಾನು ನುಡಿಸುವುದರಲ್ಲಿ ಸಂತೋಷವಿದೆಯಲ್ಲ, ಹಾಗಾದರೆ ಅದು ಸ್ವಾರ್ಥವಾಗಲಿಲ್ಲವೇ? ಒಬ್ಬನ ಕೈಯಿಂದ ದವಸ ಹೋದರೆ ಅವನ ಕಣಜ ಅಷ್ಟು ಬರಿದಾಗುತ್ತದೆ. ಆದರೆ ನಾದವನ್ನು ಕೊಟ್ಟವನ ಬಳಿ ಅದು ಕಡಿಮೆಯಾಗುವುದಿಲ್ಲ. ಕೊಡುವವನೂ ಪಡೆಯುವವನೂ ಒಂದೇ ಕ್ಷಣದಲ್ಲಿ ಅದನ್ನು ಅನುಭವಿಸುತ್ತಾರೆ. ಕೊಡುವಾಗ ಮುಖ ಗಂಟಿಕ್ಕಿಕೊಂಡಿದ್ದರೆ ಮಾತ್ರ ದಾನವು ಶುದ್ಧವೆಂದು ಯಾವ ಆಚಾರ್ಯರೂ ಹೇಳಿಲ್ಲ. ಹರ್ಷದಿಂದ ಕೊಟ್ಟ ದಾನವೇ ಶ್ರೇಷ್ಠವೆಂದು ಶ್ರಾವಕಾಚಾರವು ತಿಳಿಸುತ್ತದೆ.

ಆದರೂ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ. ಸಂತೋಷವು ಸೇವೆಯ ಜೊತೆಗಾರನಾಗಿ ಬರಲಿ, ಕೂಲಿಯಾಗಿ ಬರಬಾರದು. ಇದನ್ನು ಪರೀಕ್ಷಿಸುವ ಉಪಾಯ ಸರಳವಾಗಿದೆ. ಮೆಚ್ಚುವ ಜನರಿರುವ ಸಭೆಯಲ್ಲಿ ನುಡಿಸಲು ಓಡಿಹೋಗುವವನು, ಮೆಚ್ಚುಗೆಯ ಮಾತನ್ನು ಆಡಲೂ ಶಕ್ತಿಯಿಲ್ಲದ ರೋಗಿಯ ಬಳಿಗೆ ಹೋಗಲು ಹಿಂದೆಗೆದರೆ, ಅವನು ಸೇವೆ ಮಾಡುತ್ತಿಲ್ಲ, ಖ್ಯಾತಿಯನ್ನು ಕೊಳ್ಳುತ್ತಿದ್ದಾನೆ. ಖ್ಯಾತಿ, ಲಾಭ, ಪೂಜೆ ಇವುಗಳ ಆಸೆಯಿಂದ ಮಾಡಿದ ತಪಸ್ಸೂ ವ್ಯರ್ಥವೆಂದ ಮೇಲೆ ತಾಳ ತಟ್ಟಿದ್ದು ಯಾವ ಲೆಕ್ಕ?

ತಾಳವೇ ಈ ವಿನಯವನ್ನು ಕಲಿಸುತ್ತದೆ. ಎರಡು ಬಟ್ಟಲುಗಳನ್ನು ಮುಖಾಮುಖಿಯಾಗಿ ಬಲವಾಗಿ ಅಪ್ಪಳಿಸಿದರೆ ನಡುವೆ ಗಾಳಿ ಸಿಕ್ಕಿಕೊಂಡು ನಾದ ಸತ್ತುಹೋಗುತ್ತದೆ. ಒಂದರ ಅಂಚಿಗೆ ಇನ್ನೊಂದರ ಅಂಚನ್ನು ಓರೆಯಾಗಿ ತಾಗಿಸಿ ಕೂಡಲೇ ಬಿಟ್ಟರೆ ಮಾತ್ರ ಅದು ಹಾಡುತ್ತದೆ. ಮುಟ್ಟಬೇಕು, ಹಿಡಿದುಕೊಳ್ಳಬಾರದು. ತಾಳ ಹಿಡಿದವನು ತನ್ನ ಇಚ್ಛೆಯಂತೆ ಓಡಿದರೆ ಹಾಡುವವರೆಲ್ಲ ದಾರಿ ತಪ್ಪುತ್ತಾರೆ. ಅವನು ನುಡಿಸುವುದಕ್ಕಿಂತ ಹೆಚ್ಚಾಗಿ ಕೇಳಬೇಕು. ಕಲಿಯಲು ಸುಲಭವೆಂದು ಹೇಳುವ ಈ ವಾದ್ಯದಲ್ಲಿ ಕಠಿಣವಾದುದು ಯಾವುದಾದರೂ ಇದ್ದರೆ ಅದು ಇದೇ. ಕೈಗೆ ಸುಲಭ, ಅಹಂಕಾರಕ್ಕೆ ಕಠಿಣ.

ಮತ್ತೊಂದು ಎಚ್ಚರವೂ ಅವಶ್ಯಕ. ನಾದವೂ ಹಿಂಸೆಯಾಗಬಲ್ಲದು. ಭಕ್ತಿಯ ಹೆಸರಿನಲ್ಲಿ ಧ್ವನಿವರ್ಧಕವನ್ನು ಕಟ್ಟಿ ಊರನ್ನೇ ನಡುಗಿಸುವ ಪದ್ಧತಿ ಹೆಚ್ಚಿದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸಿವೆ. ವಾಸದ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ಮಿತಿಯನ್ನೂ ಹಾಕಿವೆ. ಕಾನೂನು ಹೇಳುವ ಮೊದಲೇ ಅಹಿಂಸೆಯನ್ನು ನಂಬಿದವರು ಇದನ್ನು ತಿಳಿಯಬೇಕಾಗಿತ್ತು. ರೋಗಿಗಳು, ಹಸುಗೂಸುಗಳು, ಪರೀಕ್ಷೆಗೆ ಓದುವ ಮಕ್ಕಳು ಮಾತ್ರವಲ್ಲ, 1986ರಲ್ಲಿ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿತವಾದ ನೀಲಗಿರಿಯಲ್ಲಿ, ಮಸಿನಗುಡಿ ಮುದುಮಲೈಗಳ ಕಾಡಿನ ಅಂಚಿನಲ್ಲಿ, ಆನೆ ಜಿಂಕೆ ಹಕ್ಕಿಗಳೂ ಕೇಳುವವರ ಸಾಲಿನಲ್ಲಿವೆ. ಅವುಗಳಿಗೆ ಬಾಗಿಲು ಮುಚ್ಚಿಕೊಳ್ಳುವ ಅನುಕೂಲವಿಲ್ಲ. ಒಂದು ಕೋಣೆಯನ್ನು ತುಂಬಿ ಅಲ್ಲಿಗೇ ನಿಲ್ಲುವ ಕೈತಾಳದ ದನಿಯು ಈ ದೃಷ್ಟಿಯಿಂದ ಒಂದು ಅಣುವ್ರತದಂತಿದೆ.

ಕೊನೆಯದಾಗಿ, ಅತಿ ಮುಖ್ಯವಾದ ಮಾತು. ಆಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ಮುನಿಗಳು, ರೋಗಿಗಳು, ವೃದ್ಧರು, ಬಳಲಿದವರು ಇವರ ಶುಶ್ರೂಷೆಯೇ ಅದು. ಅದರ ಮರ್ಮವಿರುವುದು ಸೇವೆ ಮಾಡುವವನ ಇಷ್ಟದಲ್ಲಿ ಅಲ್ಲ, ಸೇವೆ ಪಡೆಯುವವನ ಅವಶ್ಯಕತೆಯಲ್ಲಿ. ರೋಗಿಯು ಇಂದು ಹಾಡು ಬೇಡವೆಂದು ಕೈಸನ್ನೆ ಮಾಡಬಹುದು. ಸಲ್ಲೇಖನ ವ್ರತವನ್ನು ಸ್ವೀಕರಿಸಿದ ಹಿರಿಯರು ಪಂಚನಮಸ್ಕಾರ ಮಂತ್ರವನ್ನು ಮಾತ್ರ, ಅದೂ ಮೆಲ್ಲಗೆ, ಕೇಳಬಯಸಬಹುದು. ಆಗ ತಾಳವನ್ನು ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟು, ಅವರ ಕೈಹಿಡಿದು ಮೌನವಾಗಿ ಕುಳಿತುಕೊಳ್ಳಬಲ್ಲವನೇ ನಿಜವಾಗಿ ತಾಳವನ್ನು ಕಲಿತವನು. ನುಡಿಸಿದಾಗ ದೊರೆತ ಆನಂದವು ನಿಲ್ಲಿಸಿದಾಗಲೂ ಉಳಿದರೆ ಅದು ಕಿವಿಯ ಸುಖವಾಗಿರಲಿಲ್ಲ, ಆತ್ಮದ ಪ್ರಸನ್ನತೆಯಾಗಿತ್ತು ಎಂದು ತಿಳಿಯಬಹುದು. ಉಳಿಯದೆ ಅಸಮಾಧಾನವಾದರೆ ನೀಲಾಂಜನೆಯ ಸಭೆಯಲ್ಲಿ ಮೈಮರೆತವರ ಸಾಲಿನಲ್ಲಿ ಇನ್ನೂ ಕುಳಿತಿರುವುದಾಗಿ ತಿಳಿಯಬೇಕು. ಪ್ರಾರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ವಾದ್ಯವು ಧರ್ಮವೂ ಅಲ್ಲ, ಭೋಗವೂ ಅಲ್ಲ. ಅದನ್ನು ಕೆಳಗಿಡಬಲ್ಲ ಕೈಯಲ್ಲಿ ಅದು ಧರ್ಮದ ಸಾಧನ.

ಶ್ರಾವಕನ ಸಾಮಾಯಿಕಕ್ಕೆ ಒಂದು ಮುಹೂರ್ತವನ್ನು, ಅಂದರೆ 48 ನಿಮಿಷಗಳನ್ನು, ಹಿರಿಯರು ಗೊತ್ತುಮಾಡಿದ್ದಾರೆ. ಅದು ಆತ್ಮಕ್ಕೆ ಮೀಸಲು, ಅದನ್ನು ಕಡಿಮೆ ಮಾಡಬಾರದು. ಅದಲ್ಲದೆ ವಾರಕ್ಕೊಮ್ಮೆ ಅಷ್ಟೇ ಹೊತ್ತನ್ನು ಒಬ್ಬ ರೋಗಿಗಾಗಿ, ಒಬ್ಬ ಒಂಟಿ ವೃದ್ಧರಿಗಾಗಿ ತೆಗೆದಿಡುವುದು ಯಾವ ಗೃಹಸ್ಥನಿಗೂ ಭಾರವಲ್ಲ. ಅವರು ಯಾವ ಮತದವರು, ಯಾವ ಭಾಷೆಯವರು ಎಂದು ವಿಚಾರಿಸಬೇಕಾಗಿಲ್ಲ. ಅವರಿಗೆ ಪ್ರಿಯವಾದ ಹಾಡು ಯಾವುದೆಂದು ವಿಚಾರಿಸಿದರೆ ಸಾಕು. ವಾರ್ಷಿಕೋತ್ಸವದ ಈ ಪುಣ್ಯ ಸಂದರ್ಭದಲ್ಲಿ ಜಿನಾಲಯದ ಘಂಟಾನಾದವನ್ನು ಕೇಳಿ ಮನೆಗೆ ಮರಳುವ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯರೂ, ಆ ನಾದದ ಒಂದು ಕಣವನ್ನು ದೇವಾಲಯಕ್ಕೆ ಬರಲಾಗದವರ ಮನೆಯ ಬಾಗಿಲಿಗೆ ಕೊಂಡೊಯ್ಯುವಂತಾಗಲಿ. ಸರ್ವ ಜೀವಗಳಿಗೂ ಅಭಯವಿರಲಿ.

ಜೈ ಜಿನೇಂದ್ರ.